ಒಂದು ಗೇಣು ಎತ್ತರ

ಮರಳುಗಾಡಿನಂಚಿನ ಊರು ಖೊರಿಖಾಸಿನಲ್ಲಿ ಯಾರ ಗಾಡಿಯನ್ನೇ ಆಗಲಿ ಮರಳುಗಾಡಿಗೆ ಸಜ್ಜು ಮಾಡಬೇಕೆಂದರೆ ಜಸ್ಟಸ್ ಗಾವಸೆಬನ ಶೆಡ್ಡಿಗೇ ಬರಬೇಕು. ದಪ್ಪ ಟೈರು, ಎರಡನೆಯ ಡೀಸೆಲ್ ಟ್ಯಾಂಕು, ನೀರಿನ ಟ್ಯಾಂಕು, ಹಿಂದೆ ಎಳೆದರೆ ಬರುವ ಡ್ರಾಯರು, ಪುಟ್ಟ ಫ್ರಿಜ್ಜು, ಎಲ್ಲವೂ ಅವನ ಕೈಯಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತಿದ್ದವು. ಊರವರ ಗಾಡಿಗಳನ್ನೆಲ್ಲ ಸಿಂಗರಿಸಿ ಕಳಿಸಿದ ಈ ಪುಣ್ಯಾತ್ಮನಿಗೆ ತನ್ನ ಗಾಡಿ ಮುಗಿಸಲು ಮೂರು ವರ್ಷ ಹಿಡಿಯಿತು.

ಆ ಗಾಡಿ ಅವನ ತಾಯಿ ಎಲ್‌ಫ್ರೀಡೆಗಾಗಿ. ಒಣಹೊಳೆಯ ಆಚೆ, ಬೆಟ್ಟದ ಬುಡದಲ್ಲಿ ಅವಳು ಹುಟ್ಟಿದ ಹಟ್ಟಿ. ಅಲ್ಲೇ ಅವಳ ತಾಯಿಯ ಗೋರಿ. ಅವರ ವಾಡಿಕೆಯಂತೆ ಗೋರಿಗೆ ನೀರು ಚಿಮುಕಿಸಿ, ಹೆಸರು ಹೇಳಿ, ಮಗನನ್ನು ಪರಿಚಯ ಮಾಡಿಸಬೇಕು. ಅದಾಗದಿದ್ದರೆ ಮೊಮ್ಮಗನೂ ಅಜ್ಜಿಗೆ ದಾರಿಹೋಕನೇ. ಎಂಬತ್ತೊಂದರ ಎಲ್‌ಫ್ರೀಡೆಗೆ ಇದ್ದದ್ದು ಅದೊಂದೇ ಕೊರಗು.

"ಯಾವಾಗ್ಲೋ ಹೊರಡೋದು?"

"ಇನ್ನೊಂದು ಸಾಮಾನು ಬರ್ಬೇಕವ್ವ."

"ನಿನ್ನ ಸಾಮಾನು ಬರೋ ಹೊತ್ತಿಗೆ ನಾನೇ ಪೆಟ್ಟಿಗೇಲಿ ಮಲಗಿರ್ತೀನಿ, ನೋಡ್ತಿರು."

ಕೊನೆಗೆ ಬಂದದ್ದು ಗಾಡಿಯ ನೆತ್ತಿಯ ಮೇಲೆ ಕೂರುವ ಟೆಂಟು. ಅವ್ವ ನೆಲದ ಮೇಲೆ ಮಲಗಬಾರದಂತೆ! ಈ ವಯಸ್ಸಿನಲ್ಲಿ ಅವಳು ಏಣಿ ಹತ್ತುತ್ತಾಳೆಯೇ ಎಂದು ಅವನನ್ನು ಕೇಳುವವರು ಯಾರು? ಕಳ್ಳರು ಬಿಚ್ಚದಿರಲೆಂದು ಅದಕ್ಕೆ ಬೀಗದ ಬೋಲ್ಟು ಬೇರೆ ಬಿಗಿದ.

ಮೇ ತಿಂಗಳಲ್ಲಿ ಹೊರಟರು. ಮರಳು, ಕಲ್ಲು, ಏರು, ಗಾಡಿ ಯಾವುದಕ್ಕೂ ಜಗ್ಗಲಿಲ್ಲ. ಹಟ್ಟಿ ಇನ್ನೇನು ಮೂರು ಕಿಲೋಮೀಟರ್ ಇದೆ ಎನ್ನುವಾಗ ಎರಡು ಬಂಡೆಗಳು ತಲೆ ಕೂಡಿಸಿಕೊಂಡು ನಿಂತಿದ್ದವು. ದಾರಿ ಅವುಗಳ ಕೆಳಗೇ. ಇಳಿದು ಅಳೆದು ನೋಡಿದರೆ ಟೆಂಟು ಆ ಸಂದಿಗಿಂತ ಒಂದು ಗೇಣು ಎತ್ತರ. ಟೈರಿನ ಗಾಳಿ ಇಳಿಸಿದ. ಆದರೂ ಮುಕ್ಕಾಲು ಗೇಣು ಉಳಿಯಿತು. ಟೆಂಟು ಬಿಚ್ಚೋಣವೆಂದರೆ ಬೋಲ್ಟಿನ ಕೀಲಿ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಕತ್ತೆಬಂಡಿಯೊಂದು ಬಂತು. ಹೊಡೆಯುತ್ತಿದ್ದವನು ಅದೇ ಹಟ್ಟಿಯ ಫೆಸ್ಟಸ್.

"ಹತ್ತಜ್ಜಿ, ನಾನೂ ಅಲ್ಲಿಗೇ. ಅರ್ಧ ಗಂಟೇಲಿ ಬಿಡ್ತೀನಿ."

ಎಲ್‌ಫ್ರೀಡೆ ಆಗಲೇ ಊರುಗೋಲು ಹುಡುಕುತ್ತಿದ್ದಳು. ಜಸ್ಟಸನ ಮುಖ ಕೆಂಪಾಯಿತು.

"ಮೂರು ವರ್ಷ ಬೆವರು ಸುರಿಸಿ ಗಾಡಿ ಕಟ್ಟಿದ್ದು ನಿನ್ನನ್ನ ಕತ್ತೆಬಂಡಿ ಹತ್ತಿಸೋಕಾ ಅವ್ವ? ಊರೋರು ಉಗೀತಾರೆ. ಮುಂದಿನ ತಿಂಗಳು ಟೆಂಟ್ ಬಿಚ್ಚಿಟ್ಟು ನಾನೇ ಕರ್ಕೊಂಡು ಬರ್ತೀನಿ."

"ಉಗಿಯೋರು ಉಗೀಲಿ ಬಿಡೋ. ಇಲ್ಲೇ ಇದೆಯಲ್ಲೋ, ಮಗಾ!"

"ಬೇಡ ಅಂದ್ರೆ ಬೇಡ."

ಬಂಡಿ ಬಂಡೆಗಳ ನಡುವೆ ಮರೆಯಾಗುವವರೆಗೂ ಅವಳು ನೋಡುತ್ತಲೇ ಇದ್ದಳು.

ಮುಂದಿನ ತಿಂಗಳು ಪ್ರವಾಸಿಗರ ಸುಗ್ಗಿ, ಶೆಡ್ಡಿನ ತುಂಬ ಗಾಡಿಗಳು. ಅದರ ಮುಂದಿನ ತಿಂಗಳು, ಜುಲೈನಲ್ಲಿ, ಆ ಸೀಮೆಯ ಕೊರೆಯುವ ಚಳಿಗಾಲಕ್ಕೆ ಎಲ್‌ಫ್ರೀಡೆಯ ಎದೆ ಕಟ್ಟಿತು. ಮೂರೇ ದಿನ. ಖೊರಿಖಾಸಿನಲ್ಲೇ ಮಣ್ಣು ಮಾಡಿದರು. ಆಮೇಲೆ ಜಸ್ಟಸನಿಗೆ ಅನ್ನ ಸೇರಲಿಲ್ಲ, ಕೆಲಸ ಹತ್ತಲಿಲ್ಲ. ಬಾಯಿಗಿಟ್ಟ ತುತ್ತಿನಲ್ಲೂ "ಇಲ್ಲೇ ಇದೆಯಲ್ಲೋ" ಎಂಬ ಮಾತೇ ಸಿಗುತ್ತಿತ್ತು.

ಟೆಂಟು ಬಿಚ್ಚಿ ಬಿಸಾಕಿ, ಹೆಂಡತಿ ರೆಜಿನಾಳನ್ನು ಕೂರಿಸಿಕೊಂಡು ಹೊರಟ. ಬಂಡೆಗಳ ಸಂದು ದಾಟಲು ಎರಡು ನಿಮಿಷವೂ ಬೇಕಾಗಲಿಲ್ಲ.

ಹಟ್ಟಿಯ ಹಿಂದೆ ಹನ್ನೊಂದು ಕಲ್ಲುಗುಪ್ಪೆಗಳಿದ್ದವು. ಶಿಲುಬೆ ಇಲ್ಲ, ಹೆಸರಿಲ್ಲ.

"ಇದ್ರಲ್ಲಿ ನಮ್ಮಜ್ಜೀದು ಯಾವುದಪ್ಪ?" ಎಂದು ಫೆಸ್ಟಸನನ್ನು ಕೇಳಿದ.

"ನಂಗೇನಣ್ಣ ಗೊತ್ತು? ನಾವು ಇಲ್ಲಿಗೆ ಬಂದು ಹತ್ತು ವರ್ಷ ಆಯ್ತಷ್ಟೆ. ಹಳಬರು ಯಾರೂ ಉಳಿದಿಲ್ಲ. ನಿಮ್ಮವ್ವಂಗೊಬ್ರಿಗೇ ಗೊತ್ತಿತ್ತೇನೋ."

ಜಸ್ಟಸ್ ನೀರಿನ ಬಾಟಲಿ ಹಿಡಿದು ನಿಂತೇ ಇದ್ದ.

"ಎಲ್ಲದಕ್ಕೂ ಚಿಮುಕಿಸಿಬಿಡಿ," ಎಂದಳು ರೆಜಿನಾ ಮೆಲ್ಲಗೆ.

ಮೊದಲನೆಯದರ ಮುಂದೆ ಮಂಡಿಯೂರಿ, "ನಾನು ಜಸ್ಟಸ್, ಎಲ್‌ಫ್ರೀಡೆ ಮಗ," ಎಂದ. ಎರಡನೆಯದಕ್ಕೂ ಅದನ್ನೇ ಹೇಳಿದ, ಮೂರನೆಯದಕ್ಕೂ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಅವನು ಹೆಸರು ಹೇಳುವುದನ್ನು ಬಿಟ್ಟು, "ತಪ್ಪಾಯ್ತು, ತಪ್ಪಾಯ್ತವ್ವಾ," ಎಂದಷ್ಟೇ ಅನ್ನುತ್ತಿದ್ದ.