ಎರಡನೆಯ ಸಲ ಒಡೆದ ಗ್ರಹ

ಇಂದುಮತಿಯವರ ಕೋಪ ಅವರಿಗಿಂತ ಮೊದಲೇ ಬಾಗಿಲು ದಾಟುತ್ತದೆ. ಅಹಮದಾಬಾದಿನ ಸುಡುಬಿಸಿಲಲ್ಲೂ ಕಳಚದ ಖಾಕಿ ಕೋಟು, ಅದರ ಜೇಬಿನಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ, ನೆಲವನ್ನೇ ವಿಚಾರಿಸಿಕೊಳ್ಳುತ್ತ ಸಾಗುವ ಬಾಗಿದ ನಡಿಗೆ; ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಅವರನ್ನು ಕಂಡರೆ ಕೀಲಿಗೊಂಚಲನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ಬಾಗಲಕೋಟೆಯವರು, ಉಲ್ಕಾಶಿಲೆಗಳ ಅಧ್ಯಯನದಲ್ಲೇ ಇಲ್ಲಿ ನಿವೃತ್ತರಾದವರು. ಆಕಾಶದಿಂದ ಬಿತ್ತೆಂದು ಜನ ಹೊತ್ತು ತರುವುದರಲ್ಲಿ ಬಹುಪಾಲು ಹಜೀರಾದ ಉಕ್ಕಿನ ಕುಲುಮೆಗಳ ಕಿಟ್ಟ. ಅದಕ್ಕೆ ಅವರಿಗೆ ಸಿಟ್ಟಿಲ್ಲ. "ಕಿಟ್ಟಾದ್ರೂ ನೆಟ್ಟಗ ನೋಡಬೇಕ್ರಿ" ಎಂದು ಅಯಸ್ಕಾಂತ ಇಳಿಬಿಟ್ಟು, ಚಹಾ ಕುಡಿಸಿ ಕಳಿಸುತ್ತಾರೆ.

ಅವರು ನಿಜವಾಗಿ ಕೆರಳಿದ್ದು ಕಿಶೋರ್ ಬಂದ ದಿನ. ಸೂರತ್ತಿನಲ್ಲೇ ಬೆಳೆದ ಕನ್ನಡಿಗ. ಹರಳು ಕೊಯ್ದು ಹೊಳಪು ಕೊಡುವ ಕಾರ್ಖಾನೆಯ ಒಡೆಯ. ವಿದೇಶಿ ವರ್ತಕನಿಂದ ಕೊಂಡ ಅಪರೂಪದ ಉಲ್ಕೆಯ ಅರ್ಧಭಾಗದಿಂದ ತೆಗೆದ ಹಸಿರು ಹರಳುಗಳನ್ನು ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದ.

"ಆಂಟಿ, ಇದು ಸ್ಪೇಸ್‌ದು ಅಂತ ಒಂದು ಸರ್ಟಿಫಿಕೇಟ್ ಕೊಡಿ ನಾ. ಪೆಂಡೆಂಟ್ ಮಾಡ್ತೀವಿ."

"ಸುತ್ತಲಿದ್ದ ಕಬ್ಬಿಣ?"

"ಅದು ಕಚರಾ ಅಲ್ವಾ? ಆಸಿಡ್‌ನಲ್ಲಿ ಕರಗಿಸಿಬಿಟ್ವಿ. ಇನ್ನರ್ಧ ನಾಳೆ."

ಕಬ್ಬಿಣದ ಕಡಲೆಯನ್ನು ನಾವು ಮಾತಿನಲ್ಲಷ್ಟೇ ಕಂಡವರು. ಈ ಮಹಾಶಯ ಅದನ್ನು ಸುಲಿದೇ ತಂದಿದ್ದ. ನನ್ನ ಕಾನ್ವೆಂಟಿನ ಸಿಸ್ಟರು ಗ್ರಹಗಳನ್ನು ಉರುಹೊಡೆಸಿದ್ದರೇ ಹೊರತು ಗ್ರಹಿಸಲು ಬಿಟ್ಟಿರಲಿಲ್ಲ; ಇದೆಲ್ಲ ಇಂದುಮತಿಯವರಿಂದಲೇ ತಿಳಿದದ್ದು. ಸೌರಮಂಡಲದ ಶೈಶವದಲ್ಲಿ ಪುಟ್ಟ ಗ್ರಹವೊಂದು ಕರಗಿ, ಭಾರದ ಲೋಹ ಒಡಲಿಗಿಳಿದು, ಹಗುರ ಶಿಲೆ ಮೇಲುಳಿದು, ಬಳಿಕ ಡಿಕ್ಕಿಯಲ್ಲಿ ಚೂರಾದಾಗ ಎರಡೂ ಬೆರೆತ ಇಂಥ ಕಲ್ಲು ಸಿಗುತ್ತದೆ. ಭೂಮಿಯ ಒಡಲೂ ಹೀಗೆಯೇ ಬೇರ್ಪಟ್ಟದ್ದು, ಆದರೆ ಅಲ್ಲಿಗೆ ಯಾವ ಸುರಂಗವೂ ಮುಟ್ಟದು.

"ಹರಳು ಕಬ್ಬಿಣ ಹ್ಯಾಂಗ ಕೂಡಿದ್ವು ಅನ್ನೂದ ಕಥಿ. ಕಬ್ಬಿಣದಾಗಿನ ಗೆರಿ ನೋಡೇ ಅದು ಎಷ್ಟು ಸಾವಕಾಶ ಆರಿತ್ತು ಅಂತ ಹೇಳ್ತೀವಿ. ಅದನ್ನ ಗಟಾರಕ್ಕ ಬಿಟ್ಟು, ಈಗ ಜಾತಕ ಬರಸಾಕ ಬಂದೀಯೇನಪಾ?"

ಮರುದಿನ ಬೆಳಗಿನ ರೈಲಿಗೆ ನನ್ನನ್ನೂ ಎಳೆದುಕೊಂಡು ಹೊರಟರು. ಸೂರತ್ತಿನ ಕಾರ್ಖಾನೆಯಲ್ಲಿ ಆಮ್ಲದ ತೊಟ್ಟಿಯ ಪಕ್ಕದಿಂದ ಉಳಿದರ್ಧವನ್ನೆತ್ತಿ, ಮಡಿಲಲ್ಲಿಟ್ಟು, ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಸರ್ಟಿಫಿಕೇಟ್ ಕೊಟ್ಟರೆ ಕಲ್ಲು ನಿಮ್ಮದೇ ಎಂದ ಕಿಶೋರ್. ಯಾವ ಅಂಗಡಿಗೂ ಎಂದೂ ಸಹಿ ಹಾಕದ ಕೈ ಇಂದುಮತಿಯವರದು. ಕೊನೆಗೆ ಪೆನ್ನು ಕೇಳಿ, ಇಂಗ್ಲಿಷಿನಲ್ಲಿ ಬರೆದರು: ಈ ಹರಳುಗಳು ಒಡೆದುಹೋದ ಗ್ರಹವೊಂದರ ಒಡಲಿನವು, ಅದನ್ನು ಎರಡನೆಯ ಸಲ ಒಡೆದವರು ಶ್ರೀ ಕಿಶೋರ್.

ಕಿಶೋರ್ ಅದನ್ನು ಹೊಗಳಿಕೆಯೆಂದೇ ಬಗೆದು ಚೌಕಟ್ಟು ಹಾಕಿಸಿದ. ಪೆಂಡೆಂಟುಗಳು ಭರ್ಜರಿಯಾಗಿಯೇ ಖರ್ಚಾದವಂತೆ. ಉಳಿದರ್ಧವನ್ನು ಇಂದುಮತಿಯವರು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ತಮ್ಮದಲ್ಲದ ನಷ್ಟಕ್ಕೆ ಉರಿಯುವ ಜನ ಲೋಕದಲ್ಲಿ ವಿರಳ. ಅವರು ಗೆಲ್ಲುವುದಿಲ್ಲ, ತಮ್ಮ ಹೆಸರನ್ನೇ ಸವೆಸಿ ಅರ್ಧವನ್ನಾದರೂ ಉಳಿಸುತ್ತಾರೆ. ಉಳಿದ ನಾವು ಆ ಅರ್ಧವನ್ನೇ ಪೂರ್ತಿಯೆಂದು ನಂಬಿ, ಗಾಜಿನ ಪೆಟ್ಟಿಗೆಯಲ್ಲಿ ಕಂಡು ಕಣ್ತುಂಬಿಕೊಂಡು, ಇಂಥವರಿಗೆ ಸಿಟ್ಟು ತುಸು ಜಾಸ್ತಿ ಎನ್ನುತ್ತ ಮನೆಗೆ ಹೋಗುತ್ತೇವೆ.