ನಮ್ಮೂರಲ್ಲಿಲ್ಲದ ತಿಂಗಳು

ಟುನೀಷಿಯಾದ ಸ್ಫಾಕ್ಸ್ ಪಟ್ಟಣದಾಚೆ, ಆಲಿವ್ ತೋಟಗಳ ನಡುವಿನ ಒಂದು ಊರು. ಅಲ್ಲಿನ ಮಬ್ರೂಕಾಳ ಮನೆಗೆ ಮಂಗಳವಾರ ಬೆಳಗ್ಗೆ ವಿಶ್ವವಿದ್ಯಾಲಯದಿಂದ ದಪ್ಪನೆಯ ಲಕೋಟೆ ಬಂತು. ಮಗಳು ಅರೀಜ್ ಬಾಗಿಲಲ್ಲೇ ಒಡೆದು ಓದಿದಳು. ಓದಿದವಳು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತಳು.

"ಏನೇ ಅದು? ಸರ್ಟಿಫಿಕೇಟಾ?" ರೊಟ್ಟಿ ಹಿಟ್ಟು ನಾದುತ್ತಿದ್ದ ಮಬ್ರೂಕಾ ಕೇಳಿದಳು.

"ಅಲ್ಲಮ್ಮ. ವಿಚಾರಣೆಗೆ ಕರೆದಿದಾರೆ."

"ಯಾರನ್ನ?"

"ನನ್ನನ್ನೇ. ನನ್ನ ಪ್ರಬಂಧದಲ್ಲಿ ಎರಡನೇ ಅಧ್ಯಾಯ ಬೇರೆಯವರದ್ದು ಅಂತ ದೂರು ಬಂದಿದೆ."

ಮಬ್ರೂಕಾಳ ಕೈ ಹಿಟ್ಟಿನಲ್ಲೇ ನಿಂತಿತು. ಅರೀಜ್ ಎರಡು ವರ್ಷ ಓದಿ ಬರೆದ ಎಂ.ಎ. ಪ್ರಬಂಧ ಅದು. ವಿಷಯವೂ ದೂರದ್ದಲ್ಲ, ಈ ಸೀಮೆಯಲ್ಲಿ ಆಲಿವ್ ಕೊಯ್ಯುವ ಹೆಂಗಸರ ಕೆಲಸ. ಇನ್ನು ಮೂರು ವಾರಕ್ಕೆ ಪರೀಕ್ಷಕರ ಮುಂದೆ ಕೂರಬೇಕಿತ್ತು. ಅದು ಮುಗಿದರೆ ಸೆಪ್ಟೆಂಬರಿಗೆ ಕೃಷಿ ತರಬೇತಿ ಕೇಂದ್ರದಲ್ಲಿ ಕೆಲಸ ಎಂದು ಮಾತಾಗಿತ್ತು. ಈಗ ನೋಡಿದರೆ ಪದವಿಯೇ ಕೈ ತಪ್ಪುವ ಹಾಗಿತ್ತು.

"ನೀನೇ ಬರೆದಿದ್ದು ತಾನೆ? ತೋಟಕ್ಕೆ ಬಂದು ನಮ್ಮನ್ನೆಲ್ಲ ಕೂರಿಸ್ಕೊಂಡು ಪ್ರಶ್ನೆ ಕೇಳಿ ತಲೆ ತಿಂದೆಯಲ್ಲ!"

"ಅದು ಮೂರನೇ ಅಧ್ಯಾಯ, ನಾಲ್ಕನೇ ಅಧ್ಯಾಯ. ಎರಡನೇದು ಬರೆಯೋಕೆ ಆಗಿರ್ಲಿಲ್ಲ. ಕೊಡೋ ದಿನ ಹತ್ತಿರ ಬಂದಿತ್ತು. ಟೈಪಿಂಗ್ ಅಂಗಡಿ ನೂರಿ, 'ನನ್ ಹತ್ರ ಹದಿನೈದು ಪುಟ ರೆಡಿ ಇದೆ, ಹಾಕ್ತೀನಿ' ಅಂದ. ನಾನು ಹೂಂ ಅಂದೆ. ಅದರಲ್ಲಿದ್ದ ಊರಿನ ಹೆಸರು ತೆಗೆದು ನಮ್ಮೂರಿನ ಹೆಸರು ಹಾಕ್ದೆ."

"ಅಷ್ಟೇನಾ? ಯಾ ಲತೀಫ್, ದೇವರೇ! ನಾನೇನೋ ಯಾರನ್ನೋ ಕೊಂದಿದ್ದೀಯ ಅಂದ್ಕೊಂಡೆ." ಮಬ್ರೂಕಾ ಮತ್ತೆ ಹಿಟ್ಟಿಗೆ ಗುದ್ದಿದಳು. "ಹದಿನೈದು ಪುಟಕ್ಕೆ ಯಾರ ಮನೆ ಮುಳುಗಿತು? ಎಲ್ಲರೂ ಮಾಡ್ತಾರೆ. ಯಾರೋ ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿದಾರೆ."

ಮಧ್ಯಾಹ್ನ ಎಣ್ಣೆ ಗಾಣದ ಕೆಲಸ ಮುಗಿಸಿ ಬಂದ ಗಂಡ ಮೊಂಗಿ ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದ. ಕಚೇರಿಗಳಲ್ಲಿ ಮಾತು ನಡೆಯುವಂಥ ಜನ ಬೆನ್ನಿಗಿದ್ದರೆ ಅಲ್ಲಿ 'ಅವರಿಗೆ ಹೆಗಲಿದೆ' ಎನ್ನುತ್ತಾರೆ. "ನಮಗೆಲ್ಲಿದೆ ಹೆಗಲು?" ಎಂದು ಮೊಂಗಿ ತಲೆ ಚಚ್ಚಿಕೊಂಡ. ಆಮೇಲೆ ಥಟ್ಟನೆ ನೆನಪಾಯಿತು. "ನಮ್ಮ ಗಾಣದ ಹೆದೀಯ ಭಾವಮೈದುನ ಅಲ್ಲಿನ ಡೀನ್ ಸಾಹೇಬರ ಕಾರು ಓಡಿಸ್ತಾನೆ."

"ಡ್ರೈವರ್ ಹೆಗಲು ಏನಕ್ಕೆ ಬರುತ್ತಪ್ಪ?" ಅರೀಜ್ ಅಳುತ್ತಲೇ ಕೇಳಿದಳು.

"ದಿನಾ ಅವರ ಜೊತೆ ಕೂರೋನು ಅವನೊಬ್ನೇ. ಹೆಂಡತಿಗಿಂತ ಹೆಚ್ಚು ಹೊತ್ತು!"

ಮಬ್ರೂಕಾ ಇಬ್ಬರನ್ನೂ ಸುಮ್ಮನಿರಿಸಿದಳು. ಪಕ್ಕದ ಮನೆಯ ಬೆಯಾ ಹದಿನೆಂಟು ವರ್ಷದಿಂದ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಪ್ರಬಂಧಗಳೆಲ್ಲ ಅವಳ ಕೈ ದಾಟಿಯೇ ಕಪಾಟಿಗೆ ಹೋಗುವುದು. ಸಂಜೆ ಮಬ್ರೂಕಾ ಲಕೋಟೆಯನ್ನೂ ಹೊಸ ಎಣ್ಣೆಯ ಒಂದು ಬಾಟಲಿಯನ್ನೂ ಹಿಡಿದು ಅವಳ ಮನೆ ಬಾಗಿಲು ತಟ್ಟಿದಳು.

"ಒಳಗೆ ಬನ್ನಿ ಖಾಲ್ತಿ. ಆದ್ರೆ ಎಣ್ಣೆ ಬಾಗಿಲ ಹೊರಗಿರಲಿ," ಬೆಯಾ ನಗುತ್ತಲೇ ಹೇಳಿದಳು. ಅಲ್ಲಿ ನೆರೆಯ ಹಿರಿಯ ಹೆಂಗಸರನ್ನು ಖಾಲ್ತಿ, ಅಂದರೆ ಚಿಕ್ಕಮ್ಮ ಎಂದೇ ಕರೆಯುವುದು. "ಬೇರೆ ದಿನ ತಂದಿದ್ರೆ ಬಾಟಲಿ ಕಿತ್ಕೊತಿದ್ದೆ. ಇವತ್ತು ಬೇಡ."

"ಅದಾಗಲೇ ಗೊತ್ತಾಗಿದೆಯಾ ನಿಂಗೆ?"

"ಲಕೋಟೆ ಮೇಲಿನ ಮೊಹರು ನೋಡಿದ್ರೆ ಗೊತ್ತಾಗಲ್ವಾ? ಕೂತ್ಕೊಳ್ಳಿ, ಚಹಾ ಹಾಕ್ತೀನಿ."

ಮಬ್ರೂಕಾ ಕೂರುವ ಮೊದಲೇ ಶುರು ಮಾಡಿದಳು. ಮಗಳು ಒಳ್ಳೆಯವಳು, ದೂರು ಕೊಟ್ಟವನು ಕೆಟ್ಟವನು, ಅವನ ಮನೆ ಹಾಳಾಗ, ಬೆಯಾ ಮನಸ್ಸು ಮಾಡಿದರೆ ಒಂದು ಮಾತಿಗೆ ಮುಗಿಯುತ್ತದೆ. ಬೆಯಾ ಎಲ್ಲ ಕೇಳಿಸಿಕೊಂಡಳು.

"ಖಾಲ್ತಿ, ನಾನು ಆ ಸಮಿತಿಯಲ್ಲಿಲ್ಲ. ಇದ್ದಿದ್ರೂ ನೆರೆಮನೆಯವಳು ಅಂತ ಎದ್ದು ಹೊರಗೆ ಬರಬೇಕಿತ್ತು. ಅವರಿಗೆ ನಾನು ಒಂದು ಮಾತೂ ಹೇಳಲ್ಲ. ನಿಮಗೆ ಬೇಕಾದಷ್ಟು ಹೇಳ್ತೀನಿ. ವಿಚಾರಣೆ ಅಂದ್ರೆ ಶಿಕ್ಷೆ ಆಗೋಯ್ತು ಅಂತಲ್ಲ. ಮೂರು ಜನ ಕೂತಿರ್ತಾರೆ. ಪ್ರಬಂಧ ಬರೆಸಿದ ಮೇಷ್ಟ್ರು ಅದರಲ್ಲಿ ಇರೋ ಹಾಗಿಲ್ಲ, ದೂರು ಕೊಟ್ಟವರೂ ಇರೋ ಹಾಗಿಲ್ಲ. ಸಾಕ್ಷಿ ಏನಿದೆ ಅಂತ ಮೊದಲೇ ಕಳಿಸಿದಾರೆ ನೋಡಿ, ಇದೇ ದಪ್ಪ ಕಟ್ಟು. ಉತ್ತರ ಬರೆಯೋಕೆ ಹತ್ತು ದಿನ ಇದೆ. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಬಹುದು. ತೀರ್ಮಾನ ಆಗೋವರೆಗೆ ಅರೀಜ್ ತಪ್ಪು ಮಾಡಿದಾಳೆ ಅಂತ ಯಾರೂ ಹೇಳ್ಕೊಂಡು ತಿರುಗೋ ಹಾಗಿಲ್ಲ."

"ಅವಳೇ ಹೇಳಿದಾಳಲ್ಲ ನಂಗೆ, ಹಾಕಿಸ್ಕೊಂಡೆ ಅಂತ. ಆದ್ರೆ ಅದರಿಂದ ಯಾರಿಗೆ ಏನು ನಷ್ಟ ಹೇಳು? ಬರೆದವರ ಪುಸ್ತಕ ಬರೆದವರ ಹತ್ರಾನೇ ಇದೆ."

ಬೆಯಾ ವಾದ ಮಾಡಲಿಲ್ಲ. ಕಟ್ಟು ಬಿಚ್ಚಿದಳು. ಎಡಗಡೆ ಅರೀಜ್‌ಳ ಪುಟ, ಬಲಗಡೆ ಜೋರ್ಡಾನಿನ ಒಬ್ಬ ಹುಡುಗಿ ಆರು ವರ್ಷದ ಹಿಂದೆ ಬರೆದ ಪ್ರಬಂಧದ ಪುಟ. ಒಂದೇ ಮಾತು ಎರಡೂ ಕಡೆ ಇದ್ದಲ್ಲೆಲ್ಲ ಹಳದಿ ಬಳಿದಿದ್ದರು. ಪುಟಕ್ಕೆ ಪುಟವೇ ಹಳದಿ. ಮಬ್ರೂಕಾಳಿಗೆ ಓದು ಅಷ್ಟಕ್ಕಷ್ಟೆ, ಹಾಗಾಗಿ ಬೆಯಾ ಅರೀಜ್‌ಳ ಪುಟವನ್ನು ಗಟ್ಟಿಯಾಗಿ ಓದಿದಳು.

"'ಈ ಸೀಮೆಯಲ್ಲಿ ಆಲಿವ್ ಕೊಯ್ಲು ಎರಡನೇ ತಿಶ್ರೀನ್‌ನಲ್ಲಿ ಆರಂಭವಾಗಿ ಮೊದಲನೇ ಕಾನೂನ್‌ನಲ್ಲಿ ಮುಗಿಯುತ್ತದೆ.'"

"ಕಾನೂನಲ್ಲಿ ಕೊಯ್ಲಾ?" ಮಬ್ರೂಕಾ ಬಾಯಿ ತೆರೆದಳು. "ಕಾನೂನ್ ಮೇಲೆ ಚಹಾ ಕಾಯಿಸ್ತೀವಿ, ಮೆಣಸಿನಕಾಯಿ ಸುಡ್ತೀವಿ. ಆಲಿವ್ ಕೊಯ್ಯೋಕೆ ಅದರೊಳಗೆ ಇಳೀಬೇಕಾ?"

ಕನ್ನಡಿಗರಿಗೆ ಕಾನೂನು ಎಂದರೆ ಕೋರ್ಟು ಕಣ್ಣಿಗೆ ಬರುತ್ತದೆ. ಮಬ್ರೂಕಾಳ ಕಣ್ಣಿಗೆ ಬಂದದ್ದು ಅಂಗಳದ ಮಣ್ಣಿನ ಇದ್ದಿಲೊಲೆ. ಟುನೀಷಿಯಾದಲ್ಲಿ ಅದರ ಹೆಸರೇ ಕಾನೂನ್.

"ಸಿರಿಯಾ, ಜೋರ್ಡಾನ್ ಕಡೆ ನವೆಂಬರಿಗೆ ಎರಡನೇ ತಿಶ್ರೀನ್, ಡಿಸೆಂಬರಿಗೆ ಮೊದಲನೇ ಕಾನೂನ್ ಅಂತಾರೆ," ಬೆಯಾ ಹೇಳಿದಳು. "ನಮ್ಮಲ್ಲಿ ಹುಟ್ಟಿದವರು ಯಾರೂ ಹಾಗೆ ಬರೆಯಲ್ಲ. ಪ್ರಬಂಧ ಓದಿದ ಹೊರಗಿನ ಪರೀಕ್ಷಕರು ಈ ಒಂದು ಪದದ ಹತ್ರಾನೇ ನಿಂತುಬಿಟ್ಟರು ಅಂತ ಈ ಕಟ್ಟಿನಲ್ಲೇ ಬರೆದಿದೆ. ಯಾರ ಹೊಟ್ಟೆಕಿಚ್ಚೂ ಇಲ್ಲ ಖಾಲ್ತಿ. ನಿಮ್ಮ ಮಗಳು ಊರಿನ ಹೆಸರು ಬದಲಾಯಿಸಿದಳು, ತಿಂಗಳ ಹೆಸರು ಮರೆತಳು. ಮುಂದೆ ಕೇಳಿ. 'ಹೆಂಗಸರು ಉದ್ದನೆಯ ಕೋಲುಗಳಿಂದ ಕೊಂಬೆಗಳನ್ನು ಬಡಿದು ಕಾಯಿ ಉದುರಿಸುತ್ತಾರೆ. ನಾನು ಮಾತನಾಡಿಸಿದ ಹೆಂಗಸರೆಲ್ಲರೂ ತಾವು ಇದೇ ರೀತಿ ಮಾಡುವುದಾಗಿ ತಿಳಿಸಿದರು.'"

ಮಬ್ರೂಕಾ ಲೋಟ ಕೆಳಗಿಟ್ಟಳು. "ಯಾರು ತಿಳಿಸಿದ್ದು?"

"ಮಾತನಾಡಿಸಿದವರ ಪಟ್ಟಿ ಕೊನೆಯಲ್ಲಿದೆ. ಮೊದಲನೇ ಹೆಸರು ನಿಮ್ಮದು."

"ನಾನಾ? ನಾನು ಮರಕ್ಕೆ ಹೊಡೀತೀನಿ ಅಂದ್ನಾ?"

ಮಬ್ರೂಕಾಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೂವತ್ತು ವರ್ಷದಿಂದ ಅವಳು ಬೆರಳುಗಳಿಗೆ ಮೇಕೆ ಕೊಂಬಿನ ತುದಿ ಸಿಕ್ಕಿಸಿಕೊಂಡು, ಏಣಿ ಹತ್ತಿ, ಕೊಂಬೆಯನ್ನು ತಲೆಗೂದಲಿನ ಹಾಗೆ ಬಾಚಿ ಕಾಯಿ ಬಿಡಿಸಿದವಳು. ಕೋಲಿನಿಂದ ಬಡಿದರೆ ಮುಂದಿನ ವರ್ಷದ ಚಿಗುರು ಮುರಿಯುತ್ತದೆ ಎಂದು ಹೊಸದಾಗಿ ತೋಟಕ್ಕೆ ಬಂದ ಹೆಂಗಸರಿಗೆ ಬೈದು ಬೈದು ಕಲಿಸಿದವಳು.

"ನಾಳೆ ನಮ್ಮ ತೋಟದವರು ಇದನ್ನ ಓದಿದ್ರೆ? ಮಬ್ರೂಕಾ ನಮಗೊಂದು ಹೇಳ್ತಾಳೆ, ಕಾಲೇಜಿನವರಿಗೊಂದು ಹೇಳ್ತಾಳೆ ಅಂತಾರೆ. ನನ್ನ ಬಾಯಲ್ಲಿ ಸುಳ್ಳು ತುರುಕಿದಾಳಲ್ಲೇ ನನ್ನ ಮಗಳು!"

"ನಿಮಗೆ ಆಗಿದ್ದು ಅದು. ಇನ್ನು ಆ ಜೋರ್ಡಾನ್ ಹುಡುಗಿಗೆ ಆಗಿದ್ದು? ಅವಳೂ ಬೆಟ್ಟ ಹತ್ತಿ ಇಳಿದು, ಅಲ್ಲಿನ ಹೆಂಗಸರ ಜೊತೆ ಕೂತು ಬರೆದಿದ್ದು. ಅವಳ ಕಾಲು ಸವೆದದ್ದಕ್ಕೆ ಅರೀಜ್ ತನ್ನ ಹೆಸರು ಹಾಕ್ಕೊಂಡಳು. ತಗೋಬಾರದು ಅಂತ ಯಾರೂ ಹೇಳಲ್ಲ ಖಾಲ್ತಿ. ಧಾರಾಳವಾಗಿ ತಗೊಳ್ಳಿ. ಇಷ್ಟು ಮಾತು ಇಂಥವರದ್ದು, ಇಂಥ ಪುಸ್ತಕದ್ದು ಅಂತ ಕೆಳಗೆ ಒಂದು ಸಾಲು ಬರೆದ್ರೆ ಮುಗೀತು. ಪದ ಆಚೀಚೆ ಮಾಡಿ ಬರೆದ್ರೂ ಆ ಸಾಲು ಬೇಕು. ದುಡ್ಡು ಕೊಟ್ಟು ಬರೆಸಿದ್ರಂತೂ ಯಾವ ಸಾಲೂ ಉಳಿಸಲ್ಲ."

ಮಬ್ರೂಕಾ ಮನೆಗೆ ಬಂದಾಗ ಮೊಂಗಿ ಫೋನಿನಲ್ಲಿ ಡ್ರೈವರನ್ನು ಹುಡುಕುತ್ತಿದ್ದ.

"ಇಡಿ ಅದನ್ನ," ಎಂದಳು. "ಯಾರ ಹೆಗಲೂ ಬೇಡ. ಅರೀಜ್, ಬಾ ಇಲ್ಲಿ. ನಾನು ಯಾವತ್ತೇ ಮರಕ್ಕೆ ಹೊಡೆದಿದ್ದು?"

ಅರೀಜ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. ಆ ಸಾಲನ್ನು ಅವಳು ಸರಿಯಾಗಿ ಓದಿಯೇ ಇರಲಿಲ್ಲ.

"ನೂರಿ ಹೇಳ್ತಾನೆ, 'ಬೇರೆ ಪುಸ್ತಕ ಓದಿ ಟಿಪ್ಪಣಿ ಮಾಡ್ಕೊಂಡಿದ್ದೆ, ಗೊತ್ತಿಲ್ದೆ ಸೇರ್ಕೊಂಡ್ತು' ಅಂತ ಬರೆದುಕೊಡು, ಬಚಾವಾಗ್ತೀಯ ಅಂತ," ಎಂದಳು.

"ಬಚಾವಾದ್ರೆ ಆ ಪುಟ ಹಾಗೇ ಇರುತ್ತಾ?"

"ಇರಬಹುದು."

"ಹಾಗಾದ್ರೆ ಬೇಡ. ನಡೆದದ್ದು ನಡೆದ ಹಾಗೆ ಬರೆ. ಜೊತೆಗೆ ನಾನು ಬರ್ತೀನಿ."

"ಪದವಿ ಹೋದ್ರೆ?" ಮೊಂಗಿ ಕೇಳಿದ. ಮಬ್ರೂಕಾ ಪೆನ್ನು ಹುಡುಕಿ ತಂದು ಮಗಳ ಮುಂದಿಟ್ಟಳು. ಅವಳಿಗೂ ಭಯವೇ ಆಗಿತ್ತು.

ವಿಚಾರಣೆಯ ದಿನ ಉದ್ದನೆಯ ಮೇಜಿನ ಆಚೆ ಇಬ್ಬರು ಗಂಡಸರು, ಒಬ್ಬ ಹೆಂಗಸು ಕೂತಿದ್ದರು. ಯಾರೂ ಗದರಲಿಲ್ಲ. ನಡುವೆ ಕೂತಿದ್ದ ಪ್ರೊಫೆಸರ್ ತೌಫೀಕ್ ಕೇಳಿದರು, "ಇದು ಮರೆವೋ, ಗೊತ್ತಿದ್ದು ಮಾಡಿದ್ದೋ?"

ಅರೀಜ್ ತಾಯಿಯ ಕಡೆ ನೋಡಲಿಲ್ಲ. "ಗೊತ್ತಿದ್ದೇ ಮಾಡಿದ್ದು ಸರ್. ಎರಡನೇ ಅಧ್ಯಾಯ ಒಂದು ಸಾಲೂ ನಂದಲ್ಲ. ಉಳಿದಿದ್ದು ನಂದು. ಮಾತನಾಡಿಸಿದ ಧ್ವನಿಮುದ್ರಣ, ಕೈಬರಹದ ಪುಸ್ತಕ ಎಲ್ಲ ತಂದಿದ್ದೀನಿ."

ಅವರು ಎಲ್ಲವನ್ನೂ ಇಸಿದುಕೊಂಡರು, ಒಂದೊಂದನ್ನೇ ಬರೆದುಕೊಂಡು ರಸೀದಿ ಕೊಟ್ಟರು. ವಾರದ ನಂತರ ತೀರ್ಮಾನ ಬಂತು. ಪದವಿ ಉಳಿಯಿತು. ಆದರೆ ಪ್ರಬಂಧ ವಾಪಸ್. ಪರೀಕ್ಷೆ ಈ ಸಲ ಇಲ್ಲ, ಆರು ತಿಂಗಳ ಮೇಲೆ. ಎಚ್ಚರಿಕೆಯ ಪತ್ರ ಕಡತದಲ್ಲಿ ಇರುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಎರಡು ವರ್ಷ ಹೊರಗೆ ಕಳಿಸುತ್ತಿದ್ದೆವು ಎಂದೂ ಅದರಲ್ಲಿ ಬರೆದಿದ್ದರು. ಸೆಪ್ಟೆಂಬರಿನ ಕೆಲಸ ಬೇರೆಯವರ ಪಾಲಾಯಿತು. ಅರೀಜ್ ಒಂದು ದಿನವಿಡೀ ಅತ್ತಳು. ಮಾರನೆಯ ದಿನ ಬೆಯಾಳ ಗ್ರಂಥಾಲಯಕ್ಕೆ ಹೋಗಿ ಎರಡನೇ ಅಧ್ಯಾಯದ ಮೊದಲ ಸಾಲು ಬರೆದಳು. ಜೋರ್ಡಾನಿನ ಹುಡುಗಿಗೂ ಪತ್ರ ಹಾಕಿ ಕ್ಷಮೆ ಕೇಳಿದಳು.

ಆರು ತಿಂಗಳ ಮೇಲೆ ಪರೀಕ್ಷೆ ಪಾಸಾಯಿತು. ಅದಾದ ವಾರಕ್ಕೆ ಮೊಂಗಿಯ ತಂಗಿ ಝೀನಾ ಬಂದಳು.

"ಅತ್ತಿಗೆ, ನನ್ನ ಮಗಳೂ ಈ ವರ್ಷ ಪ್ರಬಂಧ ಬರೀಬೇಕಂತೆ. ಅರೀಜ್ ಬರೆದಿದ್ದನ್ನ ಕೊಡಿಸಿ. ಒಂದಿಷ್ಟು ಪುಟ ತಗೋತಾಳೆ, ಮನೆಯದ್ದೇ ಅಲ್ವಾ."

ಮೊಂಗಿ ಪತ್ರಿಕೆಯಿಂದ ತಲೆ ಎತ್ತಿ, ಈಗೇನು ಕಾದಿದೆಯೋ ಎಂದು ಹೆಂಡತಿಯ ಮುಖ ನೋಡಿದ. ಮಬ್ರೂಕಾ ಒಳಗೆ ಹೋಗಿ ಪ್ರಬಂಧ ತಂದಳು. ಮಗಳು ತೋರಿಸಿಕೊಟ್ಟಿದ್ದ ಪುಟ ತೆಗೆದು, ಅಡಿಯಲ್ಲಿದ್ದ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಏನಿದೆ ಓದು."

ಝೀನಾ ಕಣ್ಣು ಕಿರಿದು ಮಾಡಿ ಓದಿದಳು. "'ಮಬ್ರೂಕಾ, ಕೊಯ್ಲುಗಾರ್ತಿ, ಐವತ್ತೆರಡು ವರ್ಷ. ಮಾತನಾಡಿಸಿದ್ದು ನವೆಂಬರ್ ಹನ್ನೊಂದರಂದು.' ಅಯ್ಯೋ ಅತ್ತಿಗೆ, ನಿಮ್ಮ ಹೆಸರು!"

"ನಾನು ಆಡಿದ ಎರಡು ಮಾತಿಗೆ ಅರೀಜ್ ನನ್ನ ಹೆಸರು ಹಾಕಿದಾಳೆ. ನಿನ್ನ ಮಗಳು ಬರಲಿ, ಕೂತು ಓದಲಿ, ಎಷ್ಟು ಬೇಕೋ ಅಷ್ಟು ತಗೊಳ್ಳಲಿ. ಕೆಳಗೆ ಅರೀಜ್ ಅಂತ ಬರೀಲಿ. ಬರೆಯೋಕೆ ಆಗಲ್ಲ ಅಂದ್ರೆ ಇದು ಈ ಮನೆ ದಾಟಲ್ಲ."

ಓದುಗರೇ, ನಿಮ್ಮ ಮನೆಯಲ್ಲೂ ಒಬ್ಬ ಮಗನೋ ಮಗಳೋ ಪ್ರಬಂಧ ಬರೆಯುತ್ತಿರಬಹುದು. ನೀವು ಓದಿದವರಾಗಿರಬೇಕೆಂದೇನಿಲ್ಲ. ಹತ್ತಿರ ಕೂರಿಸಿಕೊಂಡು ಒಂದು ಪುಟ ಗಟ್ಟಿಯಾಗಿ ಓದಿಸಿ. ಇದು ಯಾರ ಮಾತು ಎಂದು ಕೇಳಿ. ತನ್ನದಾದರೆ ಸಂತೋಷ. ಬೇರೆಯವರದ್ದಾದರೆ ಅವರ ಹೆಸರು ಅಲ್ಲೇ ಬರೆಸಿ. ದಿನ ಸಾಲದೆ ಹೋದರೆ ಮೇಷ್ಟರ ಹತ್ತಿರ ಹೋಗಿ ಹೆಚ್ಚು ದಿನ ಕೇಳಲು ಹೇಳಿ, ಟೈಪಿಂಗ್ ಅಂಗಡಿಯವನ ಹತ್ತಿರ ಪುಟ ಕೇಳುವುದು ಬೇಡ. ತಪ್ಪು ಈಗಾಗಲೇ ಆಗಿದ್ದರೆ ಹೆಗಲು ಹುಡುಕಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೇಜಿನ ಆಚೆ ಕೂತ ಮೂವರು ಕೇಳುವ ಮೊದಲು ನೀವೇ ಕೇಳಿಬಿಡಿ.