ಸೊನ್ನೆ ಅಂದರೆ ಸೊನ್ನೆ

ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಅಪ್ಪ ಬೇಕೆಂದೇ ಹಾಗೆ ಇಟ್ಟಿದ್ದರು. ಅದು ಮುಂದಿದೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು, ಎಂದಿನಂತೆ ತಡವಾಗಿಯೇ ಹೊರಡುತ್ತಿದ್ದೆವು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲೂ ಅಪ್ಪನದು ಅದೇ ಚಾಳಿ. ಬುಧವಾರ ಮುಗಿಯುವ ಕೆಲಸಕ್ಕೆ ಶುಕ್ರವಾರ ಬನ್ನಿ ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅಂಗಡಿಯ ಜೊತೆಗೆ ಆ ಚಾಳಿಯೂ ನನ್ನ ಪಾಲಿಗೆ ಬಂತು. ಈ ವೈರು ಐದು ಆಂಪಿಯರ್ ತಡೆಯುತ್ತದೆ ಎಂದು ನಾನು ಹೇಳಿದರೆ ಏಳು ತಡೆಯುತ್ತದೆ ಎಂದು ನನ್ನ ಅಕ್ಕನಿಗೆ ಗೊತ್ತು. ನಮ್ಮ ಮನೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುತ್ತಿದ್ದುದೇ ಹೀಗೆ, ಕೂಡಿ ಕಳೆದು.

ಅಕ್ಕ ನರ್ಸು. ರಕ್ತನಾಳವೇ ಸಿಗದ ಕೂಸುಗಳಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಾಳೆಂದು ಡಾಕ್ಟರುಗಳೂ ಅವಳನ್ನೇ ಕರೆಯುತ್ತಿದ್ದರು. ಅವಳ ಆಸ್ಪತ್ರೆ ಇದ್ದದ್ದು ಹಿನ್ನೀರಿನ ಆಚೆ ದಡದಲ್ಲಿ. ಬಿರುಕು ಬಿಟ್ಟಿದೆಯೆಂದು ಸೇತುವೆಯನ್ನು ಮುಚ್ಚಿದ ಮೇಲೆ ಬಸ್ಸು ಊರೆಲ್ಲ ಸುತ್ತಿಕೊಂಡು ಹೋಗಲು ಎರಡೂವರೆ ಗಂಟೆ ಹಿಡಿಯುತ್ತಿತ್ತು. ಭಾವ ಬಡಗಿ. "ಬಸ್ಸಲ್ಲಿ ಕೂತು ಯಾಕೆ ಸಾಯ್ತೀಯ, ನಾನೇ ಒಂದು ದೋಣಿ ಮಾಡ್ತೀನಿ" ಎಂದವರು ನಾಲ್ಕು ತಿಂಗಳು ಶೆಡ್ಡಿನಲ್ಲಿ ಪ್ಲೈವುಡ್ ಬಗ್ಗಿಸಿದರು. ಮೋಟಾರು, ಬ್ಯಾಟರಿ, ಲೆಕ್ಕ ಎಲ್ಲ ನನ್ನ ತಲೆಗೆ ಬಂತು.

ಲೆಕ್ಕ ಮಾಡುವುದು ಕಷ್ಟವಾಗಲಿಲ್ಲ. ಅದನ್ನು ಆ ಇಬ್ಬರಿಗೆ ಒಪ್ಪಿಸುವುದರಲ್ಲಿ ಸಾಕುಸಾಕಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ತೋರಿಸಿದೆ. ಗಂಟೆಗೆ ಎಂಟು ಕಿಲೋಮೀಟರಿನಂತೆ ಓಡಿಸಿದರೆ ಮೋಟಾರು ಸಾವಿರದ ಇನ್ನೂರು ವ್ಯಾಟ್ ತಿನ್ನುತ್ತದೆ. ಐದಕ್ಕೆ ಇಳಿಸಿದರೆ ಅದಕ್ಕೆ ಮುನ್ನೂರೇ ಸಾಕು. ಎಂಟರಲ್ಲೇ ಹೋದರೆ ಬ್ಯಾಟರಿ ಎರಡು ಗಂಟೆ ಬರುತ್ತದೆ, ಅಂದರೆ ಹದಿನಾರು ಕಿಲೋಮೀಟರ್. ಅಕ್ಕ ಹೋಗಿ ಬರಲು ಹದಿನಾಲ್ಕು ಬೇಕು. ಆಚೆ ದಡದಲ್ಲಿ ಚಾರ್ಜ್ ಮಾಡಲು ಒಂದು ಪ್ಲಗ್ಗೂ ಇಲ್ಲ.

"ಮೀಟರಮ್ಮ," ಎಂದರು ಭಾವ. ನನ್ನನ್ನು ಕಾಡಿಸಲು ಅವರು ಕರೆಯುವುದೇ ಹಾಗೆ. "ಇದರಲ್ಲಿ ಎಷ್ಟು ಬಚ್ಚಿಟ್ಟಿದೀಯ?"

"ಏನೂ ಇಲ್ಲ ಭಾವ."

"ಹೋಗೇ, ನಿಮ್ಮಪ್ಪನ ಮಗಳಲ್ವಾ ನೀನು! ಒಂದ್ಸಲ ಆದ್ರೂ ಇದ್ದದ್ದು ಇದ್ದ ಹಾಗೆ ಹೇಳು."

ನನಗೆ ರೇಗಿತು. ಬ್ಯಾಟರಿಯಲ್ಲಿ ಇನ್ನೂ ಐದರಲ್ಲೊಂದು ಪಾಲು ಉಳಿದಿರುವಾಗಲೇ ಸೊನ್ನೆ ತೋರಿಸುವಂತೆ ದೋಣಿಯ ಮೀಟರನ್ನು ಹೊಂದಿಸಿಟ್ಟಿದ್ದೆ. ಛಲಕ್ಕೆ ಬಿದ್ದು ಆ ಹೊಂದಿಕೆಯನ್ನು ತೆಗೆದುಹಾಕಿದೆ. ಇದ್ದಷ್ಟನ್ನೇ ತೋರಿಸಲಿ ಎಂದು ಬಿಟ್ಟೆ. ಮೀಟರಿನ ತಲೆಗೆ ಬಿಳಿ ಟೇಪು ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದೆ: ಸೊನ್ನೆ ಅಂದರೆ ಸೊನ್ನೆ.

ಅದನ್ನು ಓದಿ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇವಳು ಇಷ್ಟು ದೊಡ್ಡದಾಗಿ ಬರೆದಿದಾಳೆ ಅಂದ್ರೆ ನಾಲ್ಕೈದು ಕಿಲೋಮೀಟರ್ ಆದ್ರೂ ಒಳಗೆ ಇಟ್ಟಿರ್ತಾಳೆ!" ಭಾವನೂ ನಕ್ಕರು. ಹಾಗಿದ್ದ ಮೇಲೆ ಸುಮ್ಮನೆ ಭಾರ ಯಾಕೆಂದು, ಮೋಟಾರು ಕೈಕೊಟ್ಟರೆ ಇರಲೆಂದು ದೋಣಿಯಲ್ಲಿಟ್ಟಿದ್ದ ಎರಡು ಹುಟ್ಟುಗಳಲ್ಲಿ ಒಂದನ್ನು ಎತ್ತಿ ಶೆಡ್ಡಿನ ಮೂಲೆಗಿಟ್ಟರು. ಬೇಡ ಎಂದು ನಾನು ಕೈ ಹಿಡಿದು ತಡೆಯಬೇಕಿತ್ತು. ಅವರ ಜೊತೆ ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಮೂರು ವಾರ ಏನೂ ತೊಂದರೆಯಾಗಲಿಲ್ಲ. ನಾಲ್ಕನೆಯ ವಾರ ಒಂದು ಸಂಜೆ, ನಾಲ್ಕೂವರೆಯ ಹೊತ್ತಿಗೆ, ಅಂಗಡಿಯಲ್ಲಿ ಪಂಪಿನ ಕಾಯಿಲಿಗೆ ವಾರ್ನಿಷ್ ಹಚ್ಚುತ್ತಿದ್ದಾಗ ಅಕ್ಕನ ಫೋನು ಬಂತು. ಹಿಂದೆ ಗಾಳಿಯ ಸದ್ದು ಜೋರಾಗಿತ್ತು.

"ನಿನ್ನ ಮೀಟರು ಎಂಟು ಪರ್ಸೆಂಟ್ ಅಂತಿದೆ ಕಣೇ. ಇನ್ನು ಮೂರು ಕಿಲೋಮೀಟರ್ ಇದೆ. ಬರ್ತೀನಿ ತಾನೆ?"

"ಎಂಟಾ? ಹೇಗೆ ಎಂಟಾಯ್ತು?"

"ಹೊಟ್ಟೆಗೆ ಹೊಲಿಗೆ ಹಾಕಿಸ್ಕೊಂಡ ಒಬ್ಬ ಅಜ್ಜಿನ ಮೇಲಿನ ದಡಕ್ಕೆ ಬಿಟ್ಟು ಬಂದೆ. ಆ ಹೊಟ್ಟೆ ಇಟ್ಕೊಂಡು ಬಸ್ಸಲ್ಲಿ ಹೇಗೆ ಹೋಗ್ತಾರೆ? ನಾಲ್ಕು ಕಿಲೋಮೀಟರ್ ಜಾಸ್ತಿ ಆಯ್ತು, ಅಷ್ಟೇ."

ವಾರ್ನಿಷ್ ಬ್ರಷ್ಷನ್ನು ಕೆಳಗಿಟ್ಟೆ. "ಅಕ್ಕ, ಈಗಲೇ ವೇಗ ಇಳಿಸು. ಐದಕ್ಕೆ ಇಳಿಸು. ಹಾಗಾದ್ರೆ ದಡ ಮುಟ್ತೀಯ. ಹೀಗೇ ಓಡಿಸಿದ್ರೆ ಅರ್ಧ ದಾರೀಲಿ ನಿಂತುಹೋಗುತ್ತೆ."

"ಅಯ್ಯೋ, ಗಾಳಿ ಏಳ್ತಾ ಇದೆ, ಬೇಗ ದಡ ಸೇರ್ಬೇಕು. ನಿನ್ನ ಎಂಟು ಅಂದ್ರೆ ಇಪ್ಪತ್ತೆಂಟು ಅಂತ ನಂಗೊತ್ತಿಲ್ವಾ?"

"ಈ ಸಲ ಏನೂ ಬಚ್ಚಿಟ್ಟಿಲ್ಲ. ನಿನ್ನ ಕಾಲು ಹಿಡ್ಕೋತೀನಿ ಅಕ್ಕ, ನಂಬು."

ಅವಳು ನಕ್ಕಳು. ನಾನು ಹೆದರಿಸುವುದು, ಅವಳು ನಗುವುದು ಚಿಕ್ಕಂದಿನಿಂದ ನಡೆದುಕೊಂಡು ಬಂದದ್ದೇ. "ಆಯ್ತು ಮಾರಾಯ್ತಿ, ಇಡು ಫೋನು, ಒಂದು ಕೈಯಲ್ಲಿ ದೋಣಿ ನಿಲ್ತಿಲ್ಲ" ಎಂದು ಇಟ್ಟೇಬಿಟ್ಟಳು. ಮತ್ತೆ ಮಾಡಿದೆ. ಆರು ಸಲ ಮಾಡಿದೆ. ಎತ್ತಲಿಲ್ಲ.

ಓಡಿಹೋಗಿ ಭಾವನಿಗೆ ಹೇಳಿದೆ. ಅವರು ಮೀನು ಹಿಡಿಯುವವರ ಡೀಸೆಲ್ ದೋಣಿ ಹೊರಡಿಸಿದರು. ನಾನೂ ಹತ್ತಿದೆ. ಭಾವನ ಮಡಿಲಲ್ಲಿ ಶೆಡ್ಡಿನಿಂದ ತಂದ ಆ ಇನ್ನೊಂದು ಹುಟ್ಟು ಇತ್ತು. ಯಾಕೆ ತಂದರೋ, ಅವರಿಗೂ ಗೊತ್ತಿರಲಿಲ್ಲ.

ಮುಳುಗಿದ ಹಳೆಯ ಕಾಡಿನ ಒಣಮರಗಳು ನೀರಿನಿಂದ ತಲೆ ಎತ್ತಿ ನಿಂತ ಕಡೆ ಅಕ್ಕ ಸಿಕ್ಕಳು. ನಮ್ಮ ದಡಕ್ಕೆ ಒಂದೂಮುಕ್ಕಾಲು ಕಿಲೋಮೀಟರ್ ಇರುವಾಗ ಮೋಟಾರು ನಿಂತಿತ್ತು. ಒಂದೇ ಹುಟ್ಟಿಗೆ ದೋಣಿ ಗಿರಗಿರನೆ ತಿರುಗಿತೇ ಹೊರತು ಮುಂದೆ ಹೋಗಲಿಲ್ಲ. ಗಾಳಿ ಅದನ್ನು ಮರಗಳ ಕಡೆಗೆ ದೂಡಿಕೊಂಡು ಹೋಗಿತ್ತು. ಅಲ್ಲಿ ಅವಳು ಒಂದು ಮರದ ಮೋಟನ್ನು ತಬ್ಬಿ ಹಿಡಿಯಲು ಕೈ ಚಾಚಿದಾಗ ಅಲೆ ದೋಣಿಯನ್ನು ಎತ್ತಿ ಅದೇ ಕೈಯ ಮೇಲೆ ಅಪ್ಪಳಿಸಿತ್ತು. ಬಲಗೈ. ನಮ್ಮನ್ನು ಕಂಡು ಅವಳು ಹೇಳಿದ ಮೊದಲ ಮಾತು, "ಏನೂ ಬಚ್ಚಿಟ್ಟಿರ್ಲಿಲ್ವಲ್ಲೇ."

ಆಪರೇಷನ್ ಆದ ಮರುದಿನ ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದರು. ತೋರುಬೆರಳು, ಹೆಬ್ಬೆರಳು ಎರಡೂ ಇನ್ನು ಮಡಚುವುದಿಲ್ಲ. ಮತ್ತೊಂದು ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ. ಭಾವ ಗೋಡೆಗೆ ಹಣೆ ಒತ್ತಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಕೈಲಿ ಆಗಲ್ಲ, ನೀನೇ ಹೇಳು. ಆರು ತಿಂಗಳಲ್ಲಿ ಸರಿಹೋಗುತ್ತೆ ಅನ್ನು. ಸ್ವಲ್ಪ ಬಿಟ್ಟು ಹೇಳು" ಎಂದರು.

ಒಳಗೆ ಹೋಗಿ ಮಂಚದ ಅಂಚಿಗೆ ಕುಳಿತೆ. ಆರು ತಿಂಗಳು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಬ್ಯಾಂಡೇಜು ಸುತ್ತಿದ ಕೈಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. "ಇದರಲ್ಲಿ ಎಷ್ಟು ಬಚ್ಚಿಟ್ಟಿದೀಯ?" ಎಂದು ಕೇಳಿದಳು. ನಗಲು ನೋಡಿದಳು.

"ಏನೂ ಇಲ್ಲ ಅಕ್ಕ."

ಈ ಸಲ ನಂಬಿದಳು.